ಸೂಜಿಯ ಮೊನೆಯಲ್ಲಿ ಸೌರವ್ಯೂಹ

ಕಸೂತಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಇಳಕಲ್ ಸೀರೆ, ಅದರ ಮೇಲಿನ ಗೋಪುರ, ತೇರು, ಆನೆ, ತುಳಸಿಕಟ್ಟೆ. ಇವುಗಳಾಚೆ ಸೂಜಿದಾರಕ್ಕೆ ಬೇರೆ ವಿಷಯವೇ ಇಲ್ಲವೆಂದು ನಾವು ತಿಳಿಯುವುದುಂಟು. ಆದರೆ ವಿಜ್ಞಾನವೂ, ಅದರಲ್ಲಿಯೂ ಖಗೋಳಶಾಸ್ತ್ರವು, ಬಹಳ ಹಿಂದೆಯೇ ಬಟ್ಟೆಯ ಮೇಲೆ ಇಳಿದು ಬಂದಿದೆ.

ಫ್ರಾನ್ಸಿನ ಬಾಯೂ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ 11ನೆಯ ಶತಮಾನದ ಚಿತ್ರಪಟ ಸುಮಾರು 70 ಮೀಟರ್ ಉದ್ದವಿದೆ. ಅದನ್ನು ನೇಯ್ದ ಪಟವೆಂದು ಕರೆಯುವ ರೂಢಿಯಿದ್ದರೂ ವಾಸ್ತವವಾಗಿ ಅದು ಲಿನನ್ ಬಟ್ಟೆಯ ಮೇಲೆ ಉಣ್ಣೆಯ ನೂಲಿನಲ್ಲಿ ಮಾಡಿದ ಕಸೂತಿ. 1066ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾಣಿಸಿಕೊಂಡ ಧೂಮಕೇತುವನ್ನು ಜನ ಬೆರಳೆತ್ತಿ ತೋರಿಸುತ್ತಿರುವ ದೃಶ್ಯ ಅದರಲ್ಲಿದೆ. ಹೊಲಿದವರಿಗೆ ಅದು ಅಪಶಕುನ. ನಮಗೆ ಅದು ಹ್ಯಾಲಿಯ ಧೂಮಕೇತು. 1986ರಲ್ಲಿ ಬಂದು ಹೋದದ್ದೂ ಅದೇ, 2061ರಲ್ಲಿ ಮರಳಿ ಬರಬೇಕಾದದ್ದೂ ಅದೇ.

ಇಲ್ಲಿ ಕಸೂತಿ ಕಂಡದ್ದನ್ನು ದಾಖಲಿಸಿತು. ಕಲಿಸುವ ಕೆಲಸಕ್ಕೆ ಅದು ತೊಡಗಿದ್ದು ಬಹಳ ತಡವಾಗಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ವೇಕರ್ ಪಂಥದವರು 1799ರಲ್ಲಿ ತೆರೆದ ವೆಸ್ಟ್‌ಟೌನ್ ಶಾಲೆಯ ಹುಡುಗಿಯರು ರೇಷ್ಮೆ ಬಟ್ಟೆಯ ಪುಟ್ಟ ಗೋಲಗಳನ್ನು ಹೊಲಿಯುತ್ತಿದ್ದರು. ಅಕ್ಷಾಂಶ ರೇಖಾಂಶಗಳೆಲ್ಲ ರೇಷ್ಮೆ ದಾರದ ಹೊಲಿಗೆ. ಭೂಗೋಲವಷ್ಟೇ ಅಲ್ಲ, ನಕ್ಷತ್ರಪುಂಜಗಳಿರುವ ಖಗೋಲವೂ ಇತ್ತು. 1816ರಲ್ಲಿ ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬರೆದ ಪತ್ರದಲ್ಲಿ, ಇದನ್ನು ಮಾಡುವುದು ತುಂಬ ತೊಂದರೆಯ ಕೆಲಸವೇ ಹೌದು, ಆದರೆ ತಮ್ಮ ತಂಗಿಯರಿಗೆ ಪಾಠ ಹೇಳಲು ಉಪಯೋಗವಾದೀತು ಎಂಬರ್ಥದ ಮಾತಿದೆ.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಒಂದು ಕೌದಿ.

ಎಲೆನ್ ಹಾರ್ಡಿಂಗ್ ಬೇಕರ್ ಹುಟ್ಟಿದ್ದು 1847ರಲ್ಲಿ. ಅದೇ ವರ್ಷ ಅಮೆರಿಕದ ಮರಿಯಾ ಮಿಚೆಲ್ ದೂರದರ್ಶಕದಿಂದ ಹೊಸ ಧೂಮಕೇತುವೊಂದನ್ನು ಕಂಡುಹಿಡಿದಳು. ಮುಂದೆ ವ್ಯಾಸಾರ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಿಕೆಯಾದಳು. ಎಲೆನ್‌ಳಿಗೆ ಅಂಥ ಹುದ್ದೆಯಿರಲಿಲ್ಲ. ಇಪ್ಪತ್ತನೆಯ ವಯಸ್ಸಿಗೆ ಮದುವೆ, ಅಯೋವಾ ರಾಜ್ಯದ ಲೋನ್ ಟ್ರೀ ಎಂಬ ಸಣ್ಣ ಊರಿನಲ್ಲಿ ಗಂಡನ ಅಂಗಡಿ, ಒಟ್ಟು ಏಳು ಮಕ್ಕಳು. ಈ ಸಂಸಾರದ ನಡುವೆ ಆಕೆ ಸೌರವ್ಯೂಹದ ಕೌದಿಗೆ ಕೈ ಹಾಕಿದಳು. ಅದರ ಕಾಲ 1876. ಏಳೂವರೆ ಅಡಿಗೆ ಒಂಬತ್ತು ಅಡಿಯ ಉಣ್ಣೆ ಬಟ್ಟೆ. ನಟ್ಟನಡುವೆ ಸೂರ್ಯ, ಸುತ್ತ ಕಕ್ಷೆಗಳು, ಗ್ರಹಗಳು, ಒಂದು ಧೂಮಕೇತು, ನಕ್ಷತ್ರಗಳು. ಬಟ್ಟೆಯ ತುಂಡುಗಳನ್ನು ಹಚ್ಚಿ ಹೊಲಿದದ್ದು ಕೆಲವು, ಉಣ್ಣೆ ಮತ್ತು ರೇಷ್ಮೆ ದಾರದಲ್ಲಿ ಕಸೂತಿ ಹಾಕಿದ್ದು ಕೆಲವು.

1883ರಲ್ಲಿ ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರೆಗೂ ತಲುಪಿತು. ಏಳು ವರ್ಷದ ಶ್ರಮವೆಂದೂ, ಚಿತ್ರ ತಪ್ಪಾಗಬಾರದೆಂದು ಆಕೆ ಚಿಕಾಗೋಗೆ ಹೋಗಿ ದೂರದರ್ಶಕದಲ್ಲಿ ಧೂಮಕೇತುವನ್ನೂ ಸೂರ್ಯನ ಕಲೆಗಳನ್ನೂ ನೋಡಿ ಬಂದಳೆಂದೂ ವರದಿಯಾಯಿತು. (ಕೌದಿ ರೇಷ್ಮೆಯದೆಂದು ಪತ್ರಿಕೆ ಬರೆಯಿತು. ವರದಿಗಾರ ಅದನ್ನು ಮುಟ್ಟಿ ನೋಡಿರಲಾರ!) ಹೊಲಿಗೆಗಾಗಿ ಪ್ರಮಾಣ ಹುಡುಕಿಕೊಂಡು ದೂರದ ನಗರಕ್ಕೆ ಹೋಗುವುದೆಂದರೆ, ಬಿ.ಎಸ್‌ಸಿ. ಓದಿಯೂ ಪ್ರಯೋಗದ ಪುಸ್ತಕದಲ್ಲಿ ಪಕ್ಕದವನ ಅಂಕಿಗಳನ್ನೇ ನಕಲು ಮಾಡುವ ನಮ್ಮಂಥವರು ಸ್ವಲ್ಪ ತಲೆ ತಗ್ಗಿಸಬೇಕಾದ ಸಂಗತಿ.

ಆಕೆ ಈ ಕೌದಿಯನ್ನು ಹಾಸಿಗೆಯ ಮೇಲೆ ಹಾಸಿ ಸುಮ್ಮನಿರಲಿಲ್ಲ. ಲೋನ್ ಟ್ರೀ, ವೆಸ್ಟ್ ಬ್ರಾಂಚ್, ಮಾಸ್ಕೋ (ರಷ್ಯದ್ದಲ್ಲ, ಅಯೋವಾದ್ದೇ) ಊರುಗಳಲ್ಲಿ ಜನರ ಮುಂದಿಟ್ಟು ಖಗೋಳದ ಮೇಲೆ ಉಪನ್ಯಾಸ ಕೊಟ್ಟಳು. ದೊಡ್ಡ ಸಭೆಯಲ್ಲಿ ಪುಸ್ತಕದ ಚಿತ್ರ ಹಿಂದೆ ಕುಳಿತವರಿಗೆ ಕಾಣದು. ಒಂಬತ್ತು ಅಡಿಯ ಕೌದಿ ಕಂಡೇ ಕಾಣುತ್ತದೆ. 1886ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಕ್ಷಯರೋಗದಿಂದ ತೀರಿಕೊಂಡಳು. ಕೌದಿ ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಲೆಕ್ಕ ನಮ್ಮ ಧಾರವಾಡದ ಕಡೆಯ ಕಸೂತಿಗೂ ಹೊಸದಲ್ಲ. ಗೆರೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ದಾರ ಒಂದು ಸಲ ಬಿಟ್ಟು ಬಿಟ್ಟು ಹೋಗಿ, ಹಿಂದಿರುಗುವಾಗ ಖಾಲಿ ಬಿಟ್ಟಲ್ಲಿ ತುಂಬುತ್ತ ಹೊರಟಲ್ಲಿಗೇ ಬರುತ್ತದೆ. ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತದೆ. ಪ್ರತಿ ಗೆರೆಯ ಮೇಲೂ ಎರಡು ಸಲ ಸಾಗುವುದಾದರೆ, ಬಿಡಿಯಾಗದ ಯಾವ ಚಿತ್ರವನ್ನಾದರೂ ದಾರ ಕಡಿಯದೆ ಮುಗಿಸಬಹುದೆಂಬುದು ಆಯ್ಲರ್ 1736ರಲ್ಲಿ ಏಳು ಸೇತುವೆಗಳ ಸಮಸ್ಯೆಯಲ್ಲಿ ಹಿಡಿದ ತರ್ಕದಿಂದಲೇ ಸಿದ್ಧವಾಗುತ್ತದೆ. ನಮ್ಮ ಅಜ್ಜಿಯರಿಗೆ ಆಯ್ಲರ್ ಬೇಕಿರಲಿಲ್ಲ.

ಅಜ್ಜಿಯ ಕಾಲದ ಸೀರೆಯಲ್ಲೋ ಕುಂಚಿಗೆಯಲ್ಲೋ ಸೂರ್ಯ, ಚಂದ್ರ, ನಕ್ಷತ್ರಗಳಿರುವ ಕಸೂತಿ ಯಾರ ಮನೆಯಲ್ಲಾದರೂ ಇದ್ದರೆ, ದಯವಿಟ್ಟು ಸಂಪಾದಕರಿಗೆ ಬರೆದು ತಿಳಿಸಿರಿ. ಬಂದು ನೋಡಲು ನಾವು ಸಿದ್ಧ.