ಬೀಜವೂ ಕ್ಷೇತ್ರವೂ

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಹೊಲಗಳಲ್ಲಿ ದೀಪಾವಳಿಯ ಆಚೀಚೆ ತೊಗರಿ ಹೂವಾಡುತ್ತದೆ. ಕಣ್ಣು ಹಾಯುವವರೆಗೂ ಹಳದಿ. ಆ ಪುಟ್ಟ ಹೂವಿನಲ್ಲಿ ಹತ್ತು ಕೇಸರಗಳು. ಒಂಬತ್ತು ಕೂಡಿಕೊಂಡಿರುತ್ತವೆ, ಒಂದು ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಹೂವು ಅರಳುವ ಮುನ್ನವೇ ಅವು ಒಡೆದು ಪರಾಗ ಹೊರಬೀಳುತ್ತದೆ. ಶಲಾಕೆಯ ತುದಿಗೆ ಅಂಟಿದ ಆ ಧೂಳಿಗೂ ಬುಡದಲ್ಲಿ ಅಡಗಿದ ಅಂಡಕ್ಕೂ ನಡುವಣ ದೂರ ಹೆಚ್ಚೆಂದರೆ ಒಂದು ಬೆರಳಗಲ. ಆದರೆ ಧೂಳಿಗೆ ಕಾಲಿಲ್ಲ. ಅದು ಒಳಹೋಗುವ ಬಗೆಯನ್ನು ಅರಿಯಲು ಐರೋಪ್ಯ ಪಂಡಿತರಿಗೆ ಇನ್ನೂರು ವರ್ಷ ಹಿಡಿಯಿತು.

ಟ್ಯೂಬಿಂಗೆನ್ನಿನ ಕ್ಯಾಮರಾರಿಯಸ್ 1694ರಲ್ಲಿ ಪ್ರಕಟಿಸಿದ ಪತ್ರದಲ್ಲಿ ಔಡಲ ಗಿಡದ ಪ್ರಯೋಗವೊಂದಿದೆ. ಗಂಡುಹೂಗಳನ್ನು ಅರಳುವ ಮೊದಲೇ ಕಿತ್ತುಹಾಕಿದರೆ ಬೀಜ ಜೊಳ್ಳಾಗುತ್ತದೆ. ಪರಾಗ ಬೇಕೆಂಬುದು ಹೀಗೆ ಸಿದ್ಧವಾಯಿತು. ಅದು ಮಾಡುವ ಕೆಲಸವೇನೆಂಬುದು ಉಳಿಯಿತು. 1824ರಲ್ಲಿ ಇಟಲಿಯ ಅಮೀಚಿ, ತಾನೇ ಕಟ್ಟಿದ ಸೂಕ್ಷ್ಮದರ್ಶಕದಲ್ಲಿ ಗೋಣಿಸೊಪ್ಪಿನ ಹೂವಿನ ರೋಮಗಳನ್ನು ನೋಡುತ್ತಿದ್ದವನು, ಪರಾಗದ ಒಂದು ಕಣ ನಳಿಕೆಯೊಂದನ್ನು ಚಾಚಿದ್ದನ್ನು ಕಂಡ. ಅವನು ಹುಡುಕುತ್ತಿದ್ದುದು ಅದನ್ನಲ್ಲ! 1830ರ ಹೊತ್ತಿಗೆ ಆ ನಳಿಕೆ ಶಲಾಕೆಯನ್ನು ಸೀಳಿಕೊಂಡು ಅಂಡಕದವರೆಗೂ ಇಳಿಯುವುದನ್ನು ಗುರುತಿಸಿದ.

ಇಲ್ಲಿಂದ ಮುಂದಿನದು ನಮಗೆ ಅಪರಿಚಿತವಲ್ಲದ ಒಂದು ವ್ಯಾಜ್ಯ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಸ್ತ್ರೀಯನ್ನು ಕ್ಷೇತ್ರವೆಂದೂ ಪುರುಷನನ್ನು ಬೀಜವೆಂದೂ ಕರೆಯುತ್ತದೆ. ಜೀವಕೋಶ ಸಿದ್ಧಾಂತದಿಂದ ಹೆಸರಾದ ಶ್ಲೈಡೆನ್ 1837ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೂವಿಗೆ ಅನ್ವಯಿಸಿದ. ಪರಾಗನಾಳದ ತುದಿಯೇ ಭ್ರೂಣವಾಗುತ್ತದೆ, ಅಂಡಕವೆಂಬುದು ಅದಕ್ಕೆ ಆಸರೆ ಕೊಟ್ಟು ಉಣಿಸುವ ನೆಲ ಮಾತ್ರ ಎಂದ. ದೊಡ್ಡವರ ಮಾತು, ಬಹಳ ಮಂದಿ ನಂಬಿದರು. ಅಮೀಚಿ ಒಪ್ಪಲಿಲ್ಲ. 1847ರಲ್ಲಿ ಸೀತಾಳಿದಂಡೆಯ ವಂಶದ ಹೂಗಳಲ್ಲಿ, ನಾಳ ಬರುವ ಮೊದಲೇ ಅಂಡವಿರುವುದನ್ನೂ ಭ್ರೂಣ ಅದರಿಂದಲೇ ಬೆಳೆಯುವುದನ್ನೂ ತೋರಿಸಿದ. ಎರಡು ವರ್ಷದ ಮೇಲೆ ಹಾಫ್‌ಮೈಸ್ಟರ್ ಹಲವು ಜಾತಿಗಳಲ್ಲಿ ಅದನ್ನೇ ಸಾಧಿಸಿದ. ಈತ ಲೈಪ್ಸಿಗ್ಗಿನಲ್ಲಿ ತಂದೆಯ ಪುಸ್ತಕದಂಗಡಿ ನೋಡಿಕೊಳ್ಳುತ್ತಿದ್ದ ಇಪ್ಪತ್ತೈದರ ತರುಣ, ವಿಶ್ವವಿದ್ಯಾಲಯದ ಪದವಿಯಿರಲಿಲ್ಲ. ಆದರೂ 1850ರಲ್ಲಿ ಆಮ್‌ಸ್ಟರ್‌ಡಾಮಿನ ವಿದ್ವತ್ಸಂಸ್ಥೆ ಬಹುಮಾನವಿತ್ತದ್ದು ಶ್ಲೈಡೆನ್ನನ ಪಕ್ಷದ ಪ್ರಬಂಧಕ್ಕೆ. ವಿದ್ವತ್ಸಂಸ್ಥೆಗಳು ಎಲ್ಲ ಕಾಲದಲ್ಲೂ ಹೀಗೆಯೇ ಎಂದು ತೋರುತ್ತದೆ.

ಕೂರಿಗೆಯ ಹಿಂದೆ ನಡೆದು ಕಾಳು ಬಿಡುವ ಹೆಣ್ಣುಮಗಳ ಉಡಿಯಲ್ಲಿರುವ ಬೀಜ ತಂದೆಯೊಬ್ಬನದಲ್ಲ. ಅದಾಗಲೇ ತಾಯಿ ತಂದೆ ಇಬ್ಬರ ಕೂಸು. ಬೀಜ-ಕ್ಷೇತ್ರಗಳ ಹೋಲಿಕೆ ಹೊಲದಲ್ಲಿಯೇ ಸುಳ್ಳಾಗುತ್ತದೆ. ಇದನ್ನು ಸ್ಮೃತಿಕಾರರು ಗಮನಿಸಿದಂತಿಲ್ಲ.

1884ರಲ್ಲಿ ಸ್ಟ್ರಾಸ್‌ಬುರ್ಗರ್ ನಾಳದಿಂದಿಳಿದ ಗಂಡುಬೀಜಾಣು ಅಂಡದ ಬೀಜಾಣುವಿನೊಡನೆ ಬೆರೆಯುವುದನ್ನು ಕಂಡ. 1898ರಲ್ಲಿ ಕೀವ್ ನಗರದ ನವಾಶಿನ್ ಮತ್ತೊಂದು ಸೋಜಿಗವನ್ನು ಹೊರಗೆಡವಿದ. ನಾಳದಲ್ಲಿ ಬರುವವರು ಇಬ್ಬರು. ಒಬ್ಬ ಅಂಡವನ್ನು ಕೂಡಿದರೆ ಭ್ರೂಣವಾಗುತ್ತದೆ. ಇನ್ನೊಬ್ಬ ನಡುವಣ ಕೋಶವನ್ನು ಕೂಡಿದರೆ ಆ ಭ್ರೂಣದ ಬುತ್ತಿ ಸಿದ್ಧವಾಗುತ್ತದೆ. ಆ ಬುತ್ತಿಯಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು.

ನಮ್ಮ ಸೀಮೆಯ ಊಟದ ತಾಟಿನಲ್ಲಿ ಎರಡೂ ಇವೆ. ಜೋಳದ ಕಾಳಿನಲ್ಲಿ ಬುತ್ತಿ ಹಾಗೆಯೇ ಉಳಿಯುತ್ತದೆ. ರೊಟ್ಟಿಯ ಹಿಟ್ಟು ಬಹುಪಾಲು ಅದೇ. ತೊಗರಿಯಲ್ಲಾದರೋ ಬೆಳೆಯುವ ಭ್ರೂಣ ಬುತ್ತಿಯನ್ನೆಲ್ಲ ಉಂಡು ತನ್ನ ಎರಡು ದಳಗಳಲ್ಲಿ ತುಂಬಿಕೊಳ್ಳುತ್ತದೆ. ಆ ದಳಗಳೇ ಬೇಳೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗದ ಬೇಳೆಯೂ ಅಷ್ಟೆ. ಕಾಯಿಯಲ್ಲಿ ನಾಲ್ಕು ಕಾಳಿದ್ದರೆ ನಾಲ್ಕು ನಾಳಗಳು ಬೇರೆಬೇರೆಯಾಗಿ ಇಳಿದು ಬಂದಿವೆಯೆಂದು ತಿಳಿಯಬೇಕು.

‘ಹಸುರು ಹೊನ್ನು’ ಬರೆದು 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರನ್ನು ನಾವು ಸಾಹಿತ್ಯದವರು ನಮ್ಮವರೆಂದೇ ಎಣಿಸುತ್ತೇವೆ. ಆದರೆ ಅವರು ಸಸ್ಯಭ್ರೂಣಶಾಸ್ತ್ರದ ವಿದ್ವಾಂಸರು. ಅಮೀಚಿ ನೋಡಿದ ಸೀತಾಳಿದಂಡೆಯ ವಂಶವನ್ನೇ ವರ್ಷಗಟ್ಟಲೆ ಪರೀಕ್ಷಿಸಿದವರು. ಆ ವಂಶದಲ್ಲಿ ಎರಡನೆಯ ಕೂಟ ನಡೆದರೂ ಬುತ್ತಿ ಕಟ್ಟುವುದಿಲ್ಲ. ಬೀಜ ಧೂಳಿನಷ್ಟು ಹಗುರ. ಮೊಳೆಯಬೇಕಾದರೆ ಶಿಲೀಂಧ್ರವೊಂದು ಬಂದು ಉಣಿಸಬೇಕು.