ಮೂರು-ನಾಲ್ಕರ ಮಗುವಿಗೆ ಮನೆಯಲ್ಲಿ ಯಾವ ಪಾಠ?

ಅಮೆರಿಕದಲ್ಲಿ ಮೂರು-ನಾಲ್ಕು ವರ್ಷದ ಮಗುವಿಗೆ ಮನೆಯಲ್ಲೇ ಕಲಿಸಲು ಹೊರಟ ಎಷ್ಟೋ ತಂದೆತಾಯಿಯರು ಪಠ್ಯದ ಪೆಟ್ಟಿಗೆ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳುತ್ತಾರೆ: ಇದು ಸೆಕ್ಯುಲರ್ ತಾನೇ? ಅಕ್ಷರ, ಬಣ್ಣ, ಎಣಿಕೆ ಕಲಿಸುವ ಪುಸ್ತಕದಲ್ಲಿ ಧರ್ಮದ ಮಾತೇಕೆ ಬಂತು ಎಂದು ನಮಗೆ ಅನ್ನಿಸಬಹುದು. ಆದರೆ ಅಲ್ಲಿ ಬಾಲಬೋಧೆ ಶುರುವಾದದ್ದೇ ಧರ್ಮದಿಂದ. ಹದಿನೇಳನೆಯ ಶತಮಾನದ ಕೊನೆಗೆ ಬಾಸ್ಟನ್‌ನಲ್ಲಿ ಅಚ್ಚಾದ ‘ನ್ಯೂ ಇಂಗ್ಲೆಂಡ್ ಪ್ರೈಮರ್’ನಲ್ಲಿ ಮೊದಲ ಅಕ್ಷರಕ್ಕೆ ಕೊಟ್ಟ ಉದಾಹರಣೆ ಬೈಬಲ್ಲಿನ ಆದಮನ ಪತನ. ಅಕ್ಷರದ ಜೊತೆಗೇ ಪಾಪದ ಕಲ್ಪನೆಯೂ ಮಗುವಿನ ತಲೆಗೆ ಹೋಗುತ್ತಿತ್ತು.

ಮನೆಯಲ್ಲಿ ಕಲಿಸಲೆಂದೇ ಸಿದ್ಧಪಡಿಸಿದ ಪಠ್ಯ ದೊಡ್ಡ ಪ್ರಮಾಣದಲ್ಲಿ ಬಂದದ್ದು ಬಾಲ್ಟಿಮೋರ್‌ನ ಕ್ಯಾಲ್ವರ್ಟ್ ಶಾಲೆಯಿಂದ. 1906ರ ಹೊತ್ತಿಗೆ ಅದರ ಮುಖ್ಯೋಪಾಧ್ಯಾಯ ವರ್ಜಿಲ್ ಹಿಲ್ಯರ್ ಕಿಂಡರ್‌ಗಾರ್ಟನ್ ಪಾಠಗಳನ್ನು ಅಂಚೆಯಲ್ಲಿ ಕಳಿಸತೊಡಗಿದರು. ಮುಂದೆ ಪರದೇಶದಲ್ಲಿದ್ದ ರಾಯಭಾರಿಗಳು, ಸೈನ್ಯದವರು, ಮಿಷನರಿಗಳು ಇವನ್ನು ತರಿಸಿಕೊಂಡರು. ಅವರು ಶಾಲೆಯನ್ನು ಬೇಡವೆಂದವರಲ್ಲ; ಅವರಿದ್ದಲ್ಲಿ ಶಾಲೆ ಇರಲಿಲ್ಲ, ಅಷ್ಟೇ.

ಶಾಲೆಯೇ ಬೇಡವೆಂದವರು ಬಂದದ್ದು 1960-70ರ ದಶಕಗಳಲ್ಲಿ, ಅದೂ ಎರಡು ವಿರುದ್ಧ ದಿಕ್ಕುಗಳಿಂದ. 1962 ಮತ್ತು 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳೇ ನಡೆಸುತ್ತಿದ್ದ ಪ್ರಾರ್ಥನೆಯನ್ನೂ ಬೈಬಲ್ ಪಠಣವನ್ನೂ ಸಂವಿಧಾನಕ್ಕೆ ವಿರುದ್ಧವೆಂದಿತು. ನೊಂದ ಕ್ರೈಸ್ತ ಕುಟುಂಬಗಳು ಮೊದಲು ಖಾಸಗಿ ಶಾಲೆಗಳತ್ತ, ಆಮೇಲೆ ಮನೆಯತ್ತ ತಿರುಗಿದವು. ಇನ್ನೊಂದು ಕಡೆ ಜಾನ್ ಹೋಲ್ಟ್. ತರಗತಿಯ ಭಯವೇ ಮಕ್ಕಳ ಬುದ್ಧಿಯನ್ನು ಮಂಕಾಗಿಸುತ್ತದೆ ಎಂದು 1964ರಲ್ಲಿ ಬರೆದ ಈ ಶಿಕ್ಷಕ, 1977ರಲ್ಲಿ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಪತ್ರಿಕೆ ಶುರುಮಾಡಿದರು. ಈ ಎರಡು ಕಡೆಯವರ ನಡುವೆ ನಿಂತವರು ರೇಮಂಡ್ ಮತ್ತು ಡೊರೊತಿ ಮೂರ್ ದಂಪತಿ. ನಂಬಿಕೆಯಿಂದ ಅಡ್ವೆಂಟಿಸ್ಟ್ ಕ್ರೈಸ್ತರಾದರೂ, ಪುಟ್ಟ ಮಕ್ಕಳನ್ನು ಔಪಚಾರಿಕ ಪಾಠಕ್ಕೆ ಕೂರಿಸಬೇಡಿ, ಎಂಟು-ಹತ್ತು ವರ್ಷದವರೆಗೂ ಕಾಯಬಹುದು ಎಂದು ಅವರು 1975ರ ಪುಸ್ತಕದಲ್ಲಿ ವಾದಿಸಿದರು.

ಪುಸ್ತಕದ ಮಾರುಕಟ್ಟೆ ಯಾರ ಕೈಗೆ ಹೋಯಿತು ಎಂಬುದು ಇಲ್ಲಿ ಮುಖ್ಯ. ಫ್ಲಾರಿಡಾದ ಅಬೆಕಾ, ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಮುದ್ರಣಾಲಯ ಆಗಲೇ ಕ್ರೈಸ್ತ ಶಾಲೆಗಳಿಗೆ ಪಠ್ಯ ಅಚ್ಚುಹಾಕುತ್ತಿದ್ದವು. ಅದನ್ನೇ ಮನೆಗಳಿಗೂ ಮಾರುವುದು ಸುಲಭವಾಯಿತು. ಹೋಲ್ಟ್ ಕಡೆಯವರಾದರೋ ಸಿದ್ಧಪಠ್ಯವೇ ಬೇಡ ಎನ್ನುವವರು, ಹಾಗಾಗಿ ಮಾರಲು ಅವರ ಬಳಿ ಅಂಥ ಪಠ್ಯವೇ ಇರಲಿಲ್ಲ. ಧರ್ಮಬೋಧೆ ಬೇಡ, ಆದರೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಯಾರಾದರೂ ಹೇಳಿಕೊಡಲಿ ಎನ್ನುವ ತಾಯಿಗೆ ಉಳಿದದ್ದು ಕ್ಯಾಲ್ವರ್ಟ್, 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಓಕ್ ಮೆಡೊ ಎಂಬ ಪಠ್ಯಸಂಸ್ಥೆ, ಮತ್ತು ಊರಿನ ಗ್ರಂಥಾಲಯ. ಈ ಕೊರತೆ ತುಂಬಲು ಮುಂದೆ ದಶಕಗಳೇ ಬೇಕಾದವು.

1990ರ ದಶಕದಲ್ಲಿ ಬಂದ ಜೇನ್ ಕ್ಲೇರ್ ಲ್ಯಾಂಬರ್ಟ್ ಅವರ ‘ಫೈವ್ ಇನ್ ಎ ರೋ’ ನನಗೆ ತುಂಬ ಹಿಡಿಸಿದ ಪ್ರಯತ್ನ. ಒಂದೇ ಚಿತ್ರಪುಸ್ತಕವನ್ನು ಐದು ದಿನ ಸತತವಾಗಿ ಓದಿ ಹೇಳುವುದು, ಓದಿದ ಮೇಲೆ ದಿನಕ್ಕೊಂದು ವಿಷಯದ ಬಗ್ಗೆ ಮಾತಾಡುವುದು, ಇಷ್ಟೇ ಅದರ ಕ್ರಮ. ಯಾಂಗ್ಟ್ಸೆ ನದಿಯ ದೋಣಿಯಲ್ಲಿ ಬದುಕುವ ಪಿಂಗ್ ಎಂಬ ಬಾತುಕೋಳಿಯ ಕಥೆಯನ್ನೇ ತೆಗೆದುಕೊಳ್ಳಿ. ಒಂದು ದಿನ ಭೂಪಟದಲ್ಲಿ ಆ ನದಿ ಹುಡುಕಬಹುದು, ಮತ್ತೊಂದು ದಿನ ಬಾತುಗಳನ್ನು ಎಣಿಸಬಹುದು, ಇನ್ನೊಂದು ದಿನ ಬಕೆಟ್ ನೀರಿನಲ್ಲಿ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ನೋಡಬಹುದು. ಕೇಳಿದ ಕಥೆಯನ್ನೇ ಮತ್ತೆ ಮತ್ತೆ ಹೇಳೆಂದು ಪೀಡಿಸುವುದು ಆ ವಯಸ್ಸಿನ ಸ್ವಭಾವ. ಪಠ್ಯ ಅದನ್ನೇ ನೆಚ್ಚಿಕೊಂಡಿದೆ. ಬೈಬಲ್ ಪಾಠಗಳು ಬೇರೆ ಪುಸ್ತಕದಲ್ಲಿರುವುದರಿಂದ ಸೆಕ್ಯುಲರ್ ಮನೆಗಳೂ ಇದನ್ನು ಬಳಸಿಕೊಂಡವು.

ಆಮೇಲೆ ಗಿರಾಕಿಗಳೇ ಬದಲಾದರು. 2016ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮನೆಯಲ್ಲಿ ಕಲಿಸಲು ಧರ್ಮಶಿಕ್ಷಣವೇ ಮುಖ್ಯ ಕಾರಣ ಎಂದವರು ಶೇ. 16, ಶಾಲೆಯ ವಾತಾವರಣದ ಚಿಂತೆ ಎಂದವರು ಶೇ. 34. ಕೋವಿಡ್ ಬಂದ 2020ರಲ್ಲಿ ಹೋಮ್‌ಸ್ಕೂಲಿಂಗ್ ಮಾಡುವ ಮನೆಗಳ ಪ್ರಮಾಣ ಕೆಲವೇ ತಿಂಗಳಲ್ಲಿ ಶೇ. 5.4ರಿಂದ 11.1ಕ್ಕೆ ಏರಿತೆಂದು ಜನಗಣತಿ ಇಲಾಖೆ ಲೆಕ್ಕ ಹಾಕಿತು. ಬ್ಲಾಸಮ್ ಅಂಡ್ ರೂಟ್, ಟಾರ್ಚ್‌ಲೈಟ್, ಬಿಲ್ಡ್ ಯುವರ್ ಲೈಬ್ರರಿಯಂಥ ಸೆಕ್ಯುಲರ್ ಪಠ್ಯಗಳು ಬೆಳೆದದ್ದು ಈ ಕಾಲದಲ್ಲಿ. ಸನ್‌ಲೈಟ್ (Sonlight) ಎಂಬ ಕ್ರೈಸ್ತ ಪಠ್ಯದವರೇ ಧರ್ಮಪಾಠ ಬಿಟ್ಟು ಬುಕ್‌ಶಾರ್ಕ್ ಹೊರತಂದು, ಅದನ್ನು ‘ತಟಸ್ಥ’ ಎಂದು ಕರೆದರು.

ಎಚ್ಚರ ಬೇಕಾದದ್ದು ಈ ತಟಸ್ಥ ಎಂಬಲ್ಲೇ. ದೇವರ ಹೆಸರಿಲ್ಲದ ಪುಸ್ತಕವೆಲ್ಲ ವಿಜ್ಞಾನದ ಪುಸ್ತಕವಲ್ಲ. ಎರಡೂ ಕಡೆಯ ಗಿರಾಕಿಗಳು ಬೇಕೆಂದು ಭೂಮಿಯ ವಯಸ್ಸು, ಜೀವವಿಕಾಸಗಳನ್ನು ಮೆಲ್ಲಗೆ ಬಿಟ್ಟುಬಿಡುವ ಪಠ್ಯಗಳಿವೆ. ಪ್ರೀಸ್ಕೂಲ್ ಮಗುವಿಗೆ ಜೀವವಿಕಾಸದ ಗೊಡವೆಯೇಕೆ ಎನ್ನಬೇಡಿ. ಮೂರು ವರ್ಷದ ಮಗು ಡೈನೊಸಾರ್ ಬಗ್ಗೆ ಕೇಳಿಯೇ ಕೇಳುತ್ತದೆ. ಕೆಂಟಕಿಯಲ್ಲಿ 2007ರಲ್ಲಿ ತೆರೆದ ಸೃಷ್ಟಿವಾದಿ ಮ್ಯೂಸಿಯಂನಲ್ಲಿ ಮನುಷ್ಯರ ಮಕ್ಕಳೂ ಡೈನೊಸಾರ್‌ಗಳೂ ಒಂದೇ ಕಾಲದವರೆಂಬಂತೆ ಅಕ್ಕಪಕ್ಕ ಇವೆ. ಅವೆರಡರ ನಡುವಿನ ಆರು ಕೋಟಿಗೂ ಹೆಚ್ಚು ವರ್ಷಗಳನ್ನು ಅಳಿಸಿಹಾಕಿದರೆ ಅದು ಮಗುವಿಗೆ ಹೇಳಿದ ಸುಳ್ಳು.

ಮರೆಯಲ್ಲಿರುವ ನಂಬಿಕೆಗಳೂ ಉಂಟು. ವಾಲ್ಡಾರ್ಫ್ ಶಿಕ್ಷಣ ಪದ್ಧತಿಯ ಮರದ ಆಟಿಕೆ, ಋತುಗಳ ಹಾಡುಗಳ ಹಿಂದೆ ಅದರ ಸ್ಥಾಪಕ ರುಡಾಲ್ಫ್ ಸ್ಟೈನರ್ ಅವರ ಅಧ್ಯಾತ್ಮ ದರ್ಶನವಿದೆ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ ಆಂಗ್ಲಿಕನ್ ಕ್ರೈಸ್ತೆ. ಆದರೂ ಮಕ್ಕಳನ್ನು ಹೊತ್ತುಗಟ್ಟಲೆ ಬಯಲಲ್ಲಿ ಬಿಡಿ ಎಂಬ ಅವರ ಸಲಹೆಯನ್ನು ಯಾವ ಮತದವರೂ ಪಾಲಿಸಬಹುದು. ಬೇರು ಯಾವುದೆಂದು ತಿಳಿದಿದ್ದು ಬೇಕಾದ್ದನ್ನು ಆಯ್ದುಕೊಂಡರೆ ತಪ್ಪೇನಿಲ್ಲ. ಹಾಗೆಯೇ, ಸೆಕ್ಯುಲರ್ ಮನೆಯೆಂದರೆ ದೀಪಾವಳಿ, ಈದ್, ಕ್ರಿಸ್‌ಮಸ್‌ಗಳ ಸುದ್ದಿಯೇ ಎತ್ತದ ಮನೆಯಲ್ಲ. ಜನ ಹೀಗೆ ಆಚರಿಸುತ್ತಾರೆ, ನಮ್ಮಲ್ಲಿ ಹೀಗೆ, ಪಕ್ಕದ ಮನೆಯಲ್ಲಿ ಹಾಗೆ ಎಂದು ಹೇಳುವ ಪಠ್ಯ ನನ್ನ ಮಟ್ಟಿಗೆ ಮೌನವಾಗಿರುವ ಪಠ್ಯಕ್ಕಿಂತ ಮೇಲು.

ಹಣ ಕೊಡುವ ಮೊದಲು ಮಾದರಿ ಪುಟಗಳನ್ನು ತರಿಸಿ ಡೈನೊಸಾರ್ ಪಾಠವನ್ನೂ ಹಬ್ಬದ ಪಾಠವನ್ನೂ ಓದಿ. ಮಗುವನ್ನು ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಮೇಜಿನ ಮುಂದೆ ಕೂರಿಸುವ ಪಠ್ಯವಾದರೆ, ಎಷ್ಟೇ ಸೆಕ್ಯುಲರ್ ಆಗಿದ್ದರೂ ಬಿಟ್ಟುಬಿಡಿ. ಇದರಲ್ಲಿ ಮೂರ್ ದಂಪತಿಯ ಮಾತೇ ಸರಿ. ವಾಷಿಂಗ್ಟನ್ ರಾಜ್ಯದಲ್ಲಂತೂ ಕಡ್ಡಾಯ ಶಿಕ್ಷಣ ಶುರುವಾಗುವುದೇ ಎಂಟನೆಯ ವರ್ಷಕ್ಕೆ. ಪ್ರೀಸ್ಕೂಲ್ ಮಗುವಿನ ಮೇಲೆ ಕಾನೂನಿನ ಒತ್ತಡವೇನೂ ಇಲ್ಲ. ಅಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ ಇನ್ನೊಂದು ಮಾತು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಪೆಟ್ಟಿಗೆ ತರಿಸುವ ಮುನ್ನ ಅದರಲ್ಲೊಂದನ್ನು ಆರಿಸಿ, ಐದು ದಿನ ಓದಿ ಹೇಳಿ ನೋಡಿ.