ಕನ್ನಡ ಶಾಲೆಯಲ್ಲಿ ವಾಕ್ಯ ಜೋಡಣೆ: ಒಂದು ಪಾಠದ ಇತಿಹಾಸ

ಎರಡು ಬಿಡಿ ವಾಕ್ಯಗಳನ್ನು ಕೊಟ್ಟು, ‘ಮತ್ತು’, ‘ಆದರೆ’, ‘ಆದ್ದರಿಂದ’, ‘ಏಕೆಂದರೆ’ ಮುಂತಾದ ಪದಗಳಲ್ಲಿ ಸೂಕ್ತವಾದುದನ್ನು ಆರಿಸಿ ಒಂದಾಗಿಸುವಂತೆ ಕೇಳುವ ಅಭ್ಯಾಸವು ಪ್ರಾಥಮಿಕ ಶಾಲೆಯ ಕನ್ನಡ ಪಾಠದಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಕನ್ನಡ ವ್ಯಾಕರಣದಷ್ಟೇ ಹಳೆಯದೆಂಬ ಭಾವನೆ ಮೂಡುವುದು ಸಹಜ. ಹಳೆಯ ವ್ಯಾಕರಣಗಳು ಈ ಭಾವನೆಗೆ ಆಧಾರ ಕೊಡುವುದಿಲ್ಲ. ಸುಮಾರು 1260ರಲ್ಲಿ ಕೇಶಿರಾಜನು ರಚಿಸಿದ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆಯೇ ಹೊರತು ವಾಕ್ಯಕ್ಕೆಂದೇ ಮೀಸಲಾದ ಪ್ರಕರಣವಿಲ್ಲ. ಪದ ಸಿದ್ಧವಾಗುವ ಬಗೆಯನ್ನು ವಿವರಿಸುವುದೇ ವ್ಯಾಕರಣದ ಮುಖ್ಯ ಕೆಲಸವೆಂದು ಆ ಪರಂಪರೆ ತಿಳಿದಿತ್ತು.

ಹಾಗೆಂದ ಮಾತ್ರಕ್ಕೆ ಜೋಡಣೆಯ ವಿಚಾರವೇ ಹಿಂದಿನವರಿಗೆ ತಿಳಿದಿರಲಿಲ್ಲವೆನ್ನಲಾಗದು. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಅಮರಕೋಶವು ಸಂಸ್ಕೃತದ ‘ಚ’ ಎಂಬ ಒಂದೇ ಅವ್ಯಯಕ್ಕೆ, ಅಂದರೆ ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಿಸದ ಪದಕ್ಕೆ, ನಾಲ್ಕು ಅರ್ಥಗಳನ್ನು ಹೇಳುತ್ತದೆ. ಒಂದನ್ನೊಂದು ಅವಲಂಬಿಸದ ಸಂಗತಿಗಳು ಒಟ್ಟುಗೂಡಿದರೆ ಅದು ಸಮುಚ್ಚಯ. ಭಿಕ್ಷೆಗೆ ಹೋದವನು ಬರುವಾಗ ಹಸುವನ್ನೂ ಹೊಡೆದುಕೊಂಡು ಬರಲಿ ಎಂಬಂತೆ ಮುಖ್ಯ ಕಾರ್ಯಕ್ಕೆ ಗೌಣ ಕಾರ್ಯವೊಂದು ಸೇರಿಕೊಂಡರೆ ಅನ್ವಾಚಯ. ಪರಸ್ಪರ ಅಪೇಕ್ಷೆಯಿಂದ ಕೂಡಿದರೆ ಇತರೇತರಯೋಗ. ಎಲ್ಲವೂ ಒಂದೇ ಸಮೂಹವಾಗಿ ತೋರಿದರೆ ಸಮಾಹಾರ. ಮುಖ್ಯವಾದುದು ಯಾವುದು, ಜೊತೆಗೆ ಬಂದುದು ಯಾವುದು ಎಂಬ ಈ ವಿವೇಕವು ಇಂದಿನ ಬಿಟ್ಟಸ್ಥಳ ತುಂಬುವ ಅಭ್ಯಾಸದಲ್ಲಿ ಕಾಣಸಿಗುವುದು ಅಪರೂಪ.

ಹಳೆಯ ಊರ ಶಾಲೆಗಳಲ್ಲಿ ಮಕ್ಕಳು ನಿಜವಾಗಿ ಏನು ಕಲಿಯುತ್ತಿದ್ದರೆಂಬುದಕ್ಕೆ ಬಳ್ಳಾರಿ ಜಿಲ್ಲೆಯ ದಾಖಲೆಯೊಂದು ಅಮೂಲ್ಯವಾಗಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು, ಕನ್ನಡ ಮತ್ತು ತೆಲುಗು ಶಾಲೆಗಳೇ ಬಹುಪಾಲಾಗಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದುದನ್ನು ತಿಳಿಸುತ್ತದೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯಲು ಕಲಿತ ಹುಡುಗರು ಪದ್ಯಗಳನ್ನು ಅರ್ಥವರಿಯದೆ ಒಪ್ಪಿಸುತ್ತಿದ್ದರೆಂದು ಕ್ಯಾಂಪ್‌ಬೆಲ್ ಆಕ್ಷೇಪಿಸಿದನು. ಶಬ್ದಮಣಿದರ್ಪಣದಂಥ ವ್ಯಾಕರಣಗಳು ಬೆಲೆ ಹೆಚ್ಚಾದ ಕಾರಣ ಶಾಲೆಗಳಲ್ಲಿ ಅತಿ ವಿರಳವೆಂದೂ ಬರೆದನು. ಆದರೆ ಅದೇ ವರದಿಯಲ್ಲಿ, ಉಪಾಧ್ಯಾಯರು ಅಲ್ಲಲ್ಲಿಂದ ಸಂಗ್ರಹಿಸಿ ತಂದ ಬೇರೆ ಬೇರೆ ಕೈಬರಹದ ಪತ್ರಗಳನ್ನು ಹುಡುಗರು ಓದುತ್ತಿದ್ದರು, ತಾವೇ ಪತ್ರಗಳನ್ನೂ ಕರಾರುಗಳನ್ನೂ ಬರೆಯಲು ಕಲಿಯುತ್ತಿದ್ದರು ಎಂಬ ಮಾತೂ ಇದೆ. ವಾಕ್ಯ ಜೋಡಣೆಯ ಇತಿಹಾಸಕ್ಕೆ ಇದೇ ಹೆಚ್ಚು ಮಹತ್ವದ ಸಂಗತಿ. ಸಾಲ ಪಡೆದವನು ಯಾರು, ಯಾವ ಹೊಲವನ್ನು ಒತ್ತೆಯಿಟ್ಟು, ಯಾವ ತಿಂಗಳೊಳಗೆ ತೀರಿಸದಿದ್ದರೆ ಏನಾಗತಕ್ಕದ್ದು ಎಂಬುದೆಲ್ಲ ಒಂದರೊಳಗೊಂದು ಹೆಣೆದುಕೊಂಡು ಕೊನೆಯ ಕ್ರಿಯಾಪದದಲ್ಲಿ ನಿಲ್ಲುವ ಕರಾರಿನ ಒಕ್ಕಣೆಯನ್ನು ಬರೆಯಬಲ್ಲ ಹುಡುಗನಿಗೆ, ವಾಕ್ಯ ಜೋಡಿಸುವ ವಿದ್ಯೆಯು ಹೆಸರಿಲ್ಲದೆಯೇ ದಕ್ಕಿರುತ್ತಿತ್ತು.

ಹೆಸರಿರುವ ಪಾಠದ ಮೂಲ ಬೇರೆ ಕಡೆ ಇದೆ. ಜರ್ಮನಿಯ ಕಾರ್ಲ್ ಫರ್ಡಿನಂಡ್ ಬೆಕರ್ ರೂಪಿಸಿದ ವಾಕ್ಯ ವಿಶ್ಲೇಷಣೆಯ ಪದ್ಧತಿಯನ್ನು ಜೆ. ಡಿ. ಮೊರೆಲ್ 1852ರಲ್ಲಿ ಇಂಗ್ಲಿಷಿಗೆ ಅಳವಡಿಸಿದ ಮೇಲೆ, ವಾಕ್ಯವನ್ನು ಬಿಡಿಸಿ ಅದರ ಉಪವಾಕ್ಯಗಳನ್ನು ಗುರುತಿಸುವುದು ಬ್ರಿಟಿಷ್ ಶಾಲೆಗಳ ವಾಡಿಕೆಯಾಯಿತು. ಬಿಡಿಸಿದುದನ್ನು ಮರಳಿ ಕೂಡಿಸುವ ಅಭ್ಯಾಸವು ಅದರ ಮಗ್ಗುಲಲ್ಲೇ ಬೆಳೆಯಿತು. ಭಾರತದಲ್ಲಿ ನೆಸ್‌ಫೀಲ್ಡ್ ಅವರ, ಅನಂತರ ರೆನ್ ಮತ್ತು ಮಾರ್ಟಿನ್ ಅವರ ಇಂಗ್ಲಿಷ್ ವ್ಯಾಕರಣಗಳು ಅದನ್ನು ಮನೆಮಾತಾಗಿಸಿದವು. ಕನ್ನಡ ಶಾಲಾ ವ್ಯಾಕರಣಗಳಲ್ಲಿ ನೆಲೆಗೊಂಡ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ಮೂರು ವಾಕ್ಯಭೇದಗಳಿಗೂ ಇಂಗ್ಲಿಷಿನ ಮೂರು ಭೇದಗಳಿಗೂ ಇರುವ ಸಾಮ್ಯ ಆಕಸ್ಮಿಕವಲ್ಲ. ಜೋಡಿಸುವ ಪದಗಳಿಗೆ ಸಂಬಂಧಾರ್ಥಕಾವ್ಯಯ ಎಂಬ ಹೆಸರು ಸಂಸ್ಕೃತದ ಪರಿಭಾಷೆಯಿಂದ ಬಂದಿತು. ಅವುಗಳನ್ನು ಕಲಿಸುವ ಕ್ರಮ ಇಂಗ್ಲಿಷಿನದು.

ಈ ಎರಡರ ನಡುವೆ ಕನ್ನಡದ ಸ್ವಂತ ಜೋಡಣೆಯ ಬಗೆ ಹಿಂದಕ್ಕೆ ಸರಿಯಿತು. ಕನ್ನಡವು ವಾಕ್ಯಗಳನ್ನು ಮುಖ್ಯವಾಗಿ ಕ್ರಿಯಾರೂಪದಿಂದಲೇ ಕೂಡಿಸುತ್ತದೆ. ‘ಹುಡುಗಿ ಮನೆಗೆ ಬಂದಳು, ಹುಡುಗಿ ಕೈಕಾಲು ತೊಳೆದಳು, ಹುಡುಗಿ ಊಟ ಮಾಡಿದಳು’ ಎಂಬ ಮೂರು ವಾಕ್ಯಗಳು ‘ಹುಡುಗಿ ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿದಳು’ ಎಂದಾಗುವಾಗ ಯಾವ ಅವ್ಯಯಪದವನ್ನೂ ಹೊರಗಿನಿಂದ ತರಬೇಕಾಗುವುದಿಲ್ಲ. ‘ಬಂದು’, ‘ತೊಳೆದು’ ಎಂಬ ಕೃದಂತಾವ್ಯಯಗಳೇ, ಅಂದರೆ ಧಾತುವಿನಿಂದ ಹುಟ್ಟಿ ಮುಂದಿನ ಕ್ರಿಯೆಗಾಗಿ ಕಾಯುವ ರೂಪಗಳೇ, ಆ ಕೆಲಸ ಮಾಡುತ್ತವೆ. ಇಂಥ ಕಡೆ ಸಾಮಾನ್ಯವಾಗಿ ಕರ್ತೃ ಒಂದೇ ಇರಬೇಕೆಂಬ ನಿಯಮವಿದ್ದರೂ, ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃಗಳು ಬೇರೆಯಾಗಿದ್ದು, ಕಾರ್ಯಕಾರಣ ಸಂಬಂಧವು ಆ ರೂಪದಲ್ಲೇ ಅಡಗಿದೆ. ‘ಮಳೆ ಬಾರದೆ ಬೆಳೆ ಒಣಗಿತು’ ಎಂಬುದು ಅದರ ನಿಷೇಧ. ‘ಮಳೆ ಬಂದರೆ’ ಎಂಬುದು ಷರತ್ತು. ‘ಮಳೆ ಬಂದರೂ’ ಎಂಬುದು ನಿರೀಕ್ಷೆಗೆ ವಿರುದ್ಧವಾದ ಫಲ. ನಾಮಪದಗಳನ್ನು ಕೂಡಿಸಲು ‘ಅಣ್ಣನೂ ತಮ್ಮನೂ’ ಎಂಬಂತೆ ಎರಡೂ ಕಡೆ ಬರುವ ‘ಊ’ ಸಾಕು. ಅದು ಹಳಗನ್ನಡದ ‘ಉಂ’ ಎಂಬುದರ ಮುಂದುವರಿಕೆ. ಆದರೆ ಈ ‘ಊ’ ಪೂರ್ಣ ಕ್ರಿಯಾಪದಕ್ಕೆ ಹತ್ತದು. ‘ಬಂದನೂ ಉಂಡನೂ’ ಎಂದು ಯಾರೂ ಹೇಳುವುದಿಲ್ಲ. ಲಿಖಿತ ಗದ್ಯದಲ್ಲಿ ‘ಮತ್ತು’ ಹಬ್ಬಲು ಅನುಕೂಲವಾದುದು ಈ ತೆರಪೇ. ಇನ್ನು ‘ಆದರೆ’, ‘ಆದ್ದರಿಂದ’ ಎಂಬವು ‘ಆಗು’ ಧಾತುವಿನಿಂದಲೂ ‘ಏಕೆಂದರೆ’ ಎಂಬುದು ‘ಎನ್ನು’ ಧಾತುವಿನಿಂದಲೂ ಬಂದವು. ಸ್ವತಂತ್ರ ಪದಗಳೆಂದು ಮಕ್ಕಳು ಉರುಹೊಡೆಯುವ ಪಟ್ಟಿಯ ಬಹುಭಾಗ ವಾಸ್ತವವಾಗಿ ಕ್ರಿಯಾರೂಪಗಳದೇ ಆಗಿದೆ.

ಕನ್ನಡ ವ್ಯಾಕರಣವನ್ನು ಕನ್ನಡದ ರಚನೆಯಿಂದಲೇ ಕಟ್ಟಬೇಕೆಂದು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ವಾದಿಸಿದರು. ಅವರ ಎಲ್ಲ ನಿಲುವುಗಳನ್ನು ಒಪ್ಪದವರೂ ವಾಕ್ಯ ಜೋಡಣೆಯ ಮಟ್ಟಿಗೆ ಆ ವಾದವನ್ನು ತಳ್ಳಿಹಾಕಲಾರರು. ಮೂರನೆಯ ತರಗತಿಯ ಮಗು ಶಾಲೆಗೆ ಬರುವ ಮೊದಲೇ ‘ಹೋಗಿ’, ‘ತಂದು’, ‘ಕೊಟ್ಟರೆ’ ಎಂಬ ರೂಪಗಳಿಂದ ತನ್ನ ಮಾತನ್ನು ಸಲೀಸಾಗಿ ಹೆಣೆಯುತ್ತಿರುತ್ತದೆ. ಜೋಡಣೆಯ ಪಾಠವು ಅಲ್ಲಿಂದಲೇ ಆರಂಭವಾಗಬೇಕು. ‘ಮತ್ತು’ವಿನ ಸರದಿ ಆಮೇಲೆ ಬರಲಿ.